ಮೂರರಲ್ಲೊಂದು

ಒಬ್ಬರ ಮನೆಯೊಳಗಿನ ಸಂಗತಿಯನ್ನು ಹೀಗೆ ನಾಲ್ಕು ಜನರ ಮುಂದೆ ಇಡುವುದು ಸರಿಯೋ ತಪ್ಪೋ ನನಗೆ ಗೊತ್ತಾಗುತ್ತಿಲ್ಲ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಾಡಿಗೆ ಮನೆ ಹುಡುಕಿಕೊಡುವ ಕಚೇರಿಯ ಕೌಂಟರಿನಲ್ಲಿ ಕೂತಿದ್ದವಳು ತಲೆ ತಗ್ಗಿಸಿಕೊಂಡೇ, "ಮುಂದಿನವರು ಬನ್ನಿ" ಎಂದಳು. ಕುರ್ಚಿ ಎಳೆದ ಸದ್ದಾಯಿತು. ತಲೆ ಎತ್ತಿದರೆ ಎದುರಿಗೆ ಅವಳ ಅತ್ತೆ. ಬೆಳಿಗ್ಗೆ ಊಟದ ಡಬ್ಬಿಗೆ ಮುಚ್ಚಳ ಒತ್ತಿ ಕೈಗೆ ಕೊಟ್ಟಿದ್ದ ಅದೇ ಅತ್ತೆ.

"ನಮಸ್ಕಾರ ಮೇಡಂ. ಒಂದು ರೂಮು ಬೇಕಿತ್ತು."

"ಯಾ... ಯಾರಿಗೆ?"

"ನನಗೇ."

'ಅತ್ತೆ' ಎಂದು ಅವಳು ಕರೆಯುವ ಹಾಗಿರಲಿಲ್ಲ. ಆ ವಾರವಷ್ಟೇ ಬಂದಿದ್ದ ಹೊಸ ಮ್ಯಾನೇಜರು, ಕೆಲಸ ಹೇಗೆ ನಡೆಯುತ್ತದೆ ನೋಡಬೇಕೆಂದು, ಅವಳ ಬೆನ್ನ ಹಿಂದೆಯೇ ಕೈಕಟ್ಟಿ ನಿಂತಿದ್ದರು.

"ಕೇಳಿ ಮೇಡಂ. ಸಂಬಳದಿಂದ ಶುರು ಮಾಡಿ," ಎಂದರು ಅವರು.

ಆ ಕಚೇರಿಯಲ್ಲಿ ಅವಳಿಗೆ 'ಮೂರರಲ್ಲೊಂದು ಮೇಡಂ' ಎಂದೇ ಹೆಸರು. ಸಂಬಳದ ಮೂರರಲ್ಲೊಂದು ಪಾಲು ದಾಟುವ ಬಾಡಿಗೆಯ ಮನೆಯನ್ನು, ಎಷ್ಟು ಗೋಗರೆದರೂ, ಅವಳು ಯಾರಿಗೂ ಕೊಡುತ್ತಿರಲಿಲ್ಲ. ಹಾಗೆ ವಾಪಸ್ಸು ಕಳಿಸಿದವರ ಕಥೆಯನ್ನು ರಾತ್ರಿ ಊಟಕ್ಕೆ ಕೂತಾಗ ಹೇಳಿ ನಗುತ್ತಿದ್ದಳು. "ಸಂಬಳ ನೋಡಿದ್ರೆ ಇಷ್ಟೇ ಇಷ್ಟು, ಅದರಲ್ಲಿ ಬಾಲ್ಕನಿ ಬೇರೆ ಬೇಕಂತೆ!" ಅತ್ತೆ ಬಡಿಸುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

"ಸಂಬಳ?" ಎಂದಳು.

"ಹದಿನೈದು ಸಾವಿರ."

"ಏನ್ ಕೆಲಸ?"

"ಆಸ್ಪತ್ರೆ ಲಾಂಡ್ರಿಯಲ್ಲಿ. ಹಾಸಿಗೆ ಬಟ್ಟೆ ಮಡಚೋದು. ಒಂದು ವರ್ಷದ ಮೇಲಾಯ್ತು."

ಒಂದು ವರ್ಷದಿಂದ ಅತ್ತೆ ದಿನಾ ತಂಗಿಯ ಮನೆಗೆ ಹೋಗಿಬರುತ್ತೇನೆಂದು ಚೀಲ ಹಿಡಿದು ಹೊರಡುತ್ತಿದ್ದರು. "ಅಲ್ಲಿ ಅದೇನು ಗಂಟು ಇಟ್ಟಿದಾರೋ ನಿಮ್ಮಮ್ಮ," ಎಂದು ಗಂಡನ ಹತ್ತಿರ ಇವಳೇ ತಮಾಷೆ ಮಾಡಿದ್ದಳು. ಈಗ ಕೌಂಟರಿನ ಮೇಲೆ ಅತ್ತೆಯ ಕೈಗಳಿದ್ದವು. ಬೆರಳ ತುದಿಗಳೆಲ್ಲ ಒಣಗಿ ಬಿರಿದಿದ್ದವು. ದಿನಾ ಅನ್ನ ಬಡಿಸುವ ಕೈಗಳೇ. ಇವತ್ತು ಕಣ್ಣಿಗೆ ಬಿದ್ದವು.

"ಮಾರ್ಕೆಟ್ ಹಿಂದಿನ ಬೀದೀಲಿ ಒಂದು ರೂಮಿದೆಯಲ್ಲ, ಐದು ಸಾವಿರದ್ದು? ಅದು," ಎಂದರು ಅತ್ತೆ. "ಹೋದ ತಿಂಗಳವರೆಗೂ ನನಗೆ ಹದಿಮೂರೇ ಬರ್ತಿತ್ತು. ಆಗ ಬಂದಿದ್ರೆ ನೀವು ವಾಪಸ್ ಕಳಿಸ್ತಿದ್ರಿ. ಜಾಸ್ತಿ ಮಾಡ್ಲಿ ಅಂತ ಕಾದೆ."

ಮ್ಯಾನೇಜರು ನಕ್ಕರು. "ಗಿರಾಕಿ ಅಂದ್ರೆ ಹೀಗಿರಬೇಕು. ಈ ಲೆಕ್ಕ ಯಾರಮ್ಮಾ ಹೇಳಿಕೊಟ್ಟಿದ್ದು?"

"ಯಾರೂ ಹೇಳಿಕೊಡಲಿಲ್ಲ ಸಾರ್. ಮನೇಲಿ ಊಟದ ಹೊತ್ತಲ್ಲಿ ಕಿವಿಗೆ ಬಿದ್ದದ್ದು."

ಮುಂದಿನ ಪ್ರಶ್ನೆ ಮ್ಯಾನೇಜರೇ ಕೇಳಿದರು. "ಈಗಿರೋ ಮನೆ ಯಾಕೆ ಬಿಡ್ತಿದೀರಿ? ಏನಾದ್ರೂ ತಕರಾರಾ?"

"ಅಯ್ಯೋ, ಇಲ್ಲಪ್ಪ. ಹೊತ್ತುಹೊತ್ತಿಗೆ ಊಟ, ಔಷಧಿ, ಯಾವುದಕ್ಕೂ ಕಡಿಮೆ ಮಾಡಿಲ್ಲ. ಸೊಸೆ ಚಿನ್ನದಂಥವಳು. ಯಾರಾದ್ರೂ ಕೇಳಿದ್ರೆ ಹಾಗೇ ಹೇಳ್ತೀನಿ. ನಾನು ಮಲಗೋದು ಹಾಲ್‌ನಲ್ಲಿ. ಟಿವಿ ಆರಿಸಿದ ಮೇಲೆ ನನಗೆ ರಾತ್ರಿ. ಯಾರು ನೀರು ಕುಡಿಯೋಕೆ ಎದ್ದರೂ ದೀಪ ನನ್ನ ಮುಖದ ಮೇಲೆ. ಬಟ್ಟೆ ಬದಲಾಯಿಸಬೇಕಂದ್ರೆ ಬಚ್ಚಲಿಗೆ ಹೋಗ್ಬೇಕು. ಒಂದು ಬಾಗಿಲು ಬೇಕಿತ್ತು ಸಾರ್, ಒಳಗಿಂದ ಚಿಲಕ ಹಾಕ್ಕೊಳ್ಳೋಕೆ. ಅಷ್ಟೇ."

ಎರಡು ವರ್ಷದ ಹಿಂದೆ ಎಲ್ಲರೂ ಮೆಚ್ಚಿದ್ದ ಮೂರು ಕೋಣೆಯ ಮನೆಯೊಂದಿತ್ತು. ಬಾಡಿಗೆ ಗಂಡಹೆಂಡಿರ ಸಂಬಳದ ಮೂರರಲ್ಲೊಂದನ್ನು ಚೂರೇ ಚೂರು ದಾಟುತ್ತಿತ್ತು. "ಲೆಕ್ಕ ಅಂದ್ರೆ ಲೆಕ್ಕ," ಎಂದು ಇವಳೇ ಬೇಡವೆಂದಿದ್ದಳು. ಎರಡು ಕೋಣೆಯ ಮನೆ ಹಿಡಿದರು. ಒಂದು ಅವರಿಬ್ಬರಿಗೆ, ಇನ್ನೊಂದು ಓದುವ ಮಗಳಿಗೆ. "ನನಗೇನು, ಹಾಲ್‌ನಲ್ಲಿ ಗಾಳಿ ಚೆನ್ನಾಗಿ ಬರುತ್ತೆ," ಎಂದಿದ್ದರು ಅತ್ತೆ. ಆ ಮಾತನ್ನು ಅವಳು ನಂಬಿಬಿಟ್ಟಿದ್ದಳು.

ಈಗ ಒಂದೇ ಒಂದು ಸುಳ್ಳು ಸಾಕಿತ್ತು, ಆ ರೂಮು ಆಗಲೇ ಬೇರೆಯವರಿಗೆ ಹೋಯಿತು ಎಂದು. ಅವಳು ಬಾಯಿ ತೆರೆದಳು.

"ಬೇರೆ ಕಡೆ ಹೋದ್ರೆ ಟೋಪಿ ಹಾಕ್ತಾರೆ ಮೇಡಂ," ಎಂದರು ಅತ್ತೆ. "ನೀವು ಸುಳ್ಳು ಹೇಳಲ್ಲ ಅಂತ ಗೊತ್ತು. ಅದಕ್ಕೇ ಇಲ್ಲಿಗೆ ಬಂದೆ."

"ರೂಮು ಖಾಲಿ ಇದೆ," ಎಂದಳು ಅವಳು.

"ಹಾಗಿದ್ರೆ ಕೊನೇದೊಂದು," ಎಂದರು ಮ್ಯಾನೇಜರು. "ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಯಾರಿಗೆ ಫೋನ್ ಮಾಡೋದಮ್ಮಾ?"

"ನನ್ನ ಸೊಸೆಗೆ," ಎಂದು ಅತ್ತೆ ಬಾಯಿಪಾಠದಂತೆ ನಂಬರು ಹೇಳಿದರು.

ಕೊಟ್ಟ ನಂಬರಿಗೆ ಅಲ್ಲೇ, ಆಗಲೇ, ಫೋನು ಹಚ್ಚಿ ನೋಡುವುದು ಆ ಕಚೇರಿಯ ಪದ್ಧತಿ. ಸುಳ್ಳು ನಂಬರು ಕೊಡುವವರು ಹೆಚ್ಚಾದರೆಂದು ಆ ಪದ್ಧತಿ ತಂದವಳೂ ಅವಳೇ. ಮ್ಯಾನೇಜರು ಮೇಜಿನ ಫೋನನ್ನು ತಮ್ಮ ಕಡೆಗೆ ಎಳೆದುಕೊಂಡು ನಂಬರು ಒತ್ತಿದರು.

ಅವಳ ಮೊಣಕಾಲಿನ ಹತ್ತಿರ, ಮುಚ್ಚಿದ ಡ್ರಾಯರಿನೊಳಗಿಂದ, ಫೋನು ಹೊಡೆದುಕೊಳ್ಳತೊಡಗಿತು. ರಿಸೀವರ್ ಹಿಡಿದ ಮ್ಯಾನೇಜರ ಕೈ ಹಾಗೇ ನಿಂತಿತು.

"ತೆಗಿಯೇ, ಮಗಳೇ," ಎಂದರು ಅತ್ತೆ ಮೆಲ್ಲಗೆ.

ಅವಳು ತೆಗೆದಳೋ ಇಲ್ಲವೋ, ತೆಗೆದು ಏನೆಂದಳೋ, ನನಗೆ ಗೊತ್ತಿಲ್ಲ.