ಬೆನ್ನ ಮೇಲಿಟ್ಟ ಕಾಲು

ಸೊಸೆ ನನ್ನ ಮಗನ ಬೆನ್ನಿಗೆಂದು ಹರಳೆಣ್ಣೆ ಬಿಸಿ ಮಾಡುವಾಗಲೆಲ್ಲ, "ಉರಿಯೂತದಿಂದ ಬೆಸೆದುಕೊಂಡ ಈ ಬೆನ್ನುಮೂಳೆ ಮರದಂತೆ ಗಟ್ಟಿಯಾಗಿ ಕಂಡರೂ ಸಣ್ಣ ಭಾರಕ್ಕೇ ಮುರಿದೀತು, ಜೋಪಾನ" ಎಂದ ವೈದ್ಯರ ಮಾತಿನೊಡನೆ, ಹುಲಿಕುಂಟೆಯ ನಮ್ಮ ಪಡಸಾಲೆಯ ಒಂದು ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ನನ್ನ ಅಪ್ಪನ ಬೆನ್ನೂ ಹೀಗೆಯೇ ಬಗ್ಗುತ್ತಿರಲಿಲ್ಲ. ಯಾರಾದರೂ ಕರೆದರೆ ಅವರು ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಅದನ್ನು ಉಳುಕೆಂದು ತೀರ್ಮಾನಿಸಿದವರು ದೊಡ್ಡಪ್ಪ. ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ತುಳಿದರೆ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬುತ್ತಿದ್ದರು.

"ಬ್ಯಾಡಣ್ಣ, ಇದು ಉಳುಕಲ್ಲ," ಎಂದರು ಅಪ್ಪ.

"ಗೂಟ ನುಂಗಿದೋನಂಗೆ ಎಷ್ಟ್ ದಿನ ನಿಂತಿರ್ತೀಯ? ಮಕಾಡೆ ಮಲಗ್ಲಾ, ನಿನ್ ಮಗಳೇನು ಆನೆ ಅಲ್ಲ!"

ಅಲ್ಲಿದ್ದವರೆಲ್ಲ ನಕ್ಕರು. ಅಪ್ಪ ಈಚಲು ಚಾಪೆಯ ಮೇಲೆ ಕವುಚಿ ಮಲಗಿದರು. ದೊಡ್ಡಪ್ಪ ನನ್ನನ್ನೆತ್ತಿ ಅವರ ಬೆನ್ನ ಮೇಲೆ ನಿಲ್ಲಿಸಿದರು. ಎಣ್ಣೆ ಹಚ್ಚಿದ ಬೆನ್ನು ಅಂಗಾಲಿಗೆ ಬೆಚ್ಚಗೆ, ಒರಳುಕಲ್ಲಿನಷ್ಟು ಗಟ್ಟಿಯಾಗಿ ತಾಕಿತು. ಒಣ ತೊಗರಿಕಡ್ಡಿ ಮುರಿದಂಥ ಸದ್ದಾಯಿತು.

"ಬುಡ್ತು ನೋಡ್ರಲಾ ಉಳುಕು!" ಎಂದು ದೊಡ್ಡಪ್ಪ ಚಪ್ಪಾಳೆ ತಟ್ಟಿದರು. ಬೆನ್ನಿಂದ ಕೆಳಗೆ ಸ್ಪರ್ಶವೇ ಇಲ್ಲದಾಗಿ ಅಪ್ಪ ಮತ್ತೆಂದೂ ಏಳಲಾರದೆ ಹೋದಾಗ, "ಆ ಹುಡ್ಗಿ ನೆಟ್ಟಗೆ ತುಳೀಲಿಲ್ಲ" ಎಂದು ತಾವು ಸಾಯುವತನಕ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದವರೂ ಅವರೇ. ಆದರೆ ಆ ಚಪ್ಪಾಳೆಯ ನಡುವೆ ಅಪ್ಪ ಅಂದದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ; ನಾನು ಕೇಳಿಸಿಕೊಂಡೆ.

"ಸಾಕು, ಇಳಿಯವ್ವ."

ನಾನು ಆಗಲೇ ಇಳಿದು ಬಾಗಿಲ ಬಳಿ ನಿಂತಿದ್ದೆ.