ಚಿಕ್ಕಸ್ವಾಮಿಗಿಟ್ಟ ಎಡೆ

ಎಡೆ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತರೂ ಕಾಗೆ ಮಾತ್ರ ತೆಂಗಿನಮರದಿಂದ ಇಳಿಯಲಿಲ್ಲ. ಚಿಕ್ಕಸ್ವಾಮಿಯನ್ನು ಮಣ್ಣು ಮಾಡಿದ ಗುಡ್ಡೆಯ ಮುಂದೆ ಬಾಳೆಯೆಲೆ ಹಾಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ವಡೆ, ಪಾಯಸ ಬಡಿಸಿದ್ದರು. ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಹನ್ನೊಂದನೆಯ ದಿನದ ತಿಥಿ. ಕಾಗೆ ಮುಟ್ಟುವವರೆಗೂ ಯಾರೂ ಊಟಕ್ಕೆ ಕೂರುವ ಹಾಗಿಲ್ಲ. ಕಿಕ್ಕೇರಿಯಿಂದ, ಪಾಂಡವಪುರದಿಂದ ಬಂದ ನೆಂಟರು ಸುಡುವ ಬಿಸಿಲಲ್ಲಿ ಗದ್ದೆ ಬದುವಿನ ಮೇಲೆ ನಿಂತು ಚಡಪಡಿಸುತ್ತಿದ್ದರು.

“ಏನೋ ಆಸೆ ಉಳ್ಕಂಡದೆ,” ಎಂದ ಕುಳ್ಳಯ್ಯ, ಸತ್ತವನ ಭಾವಮೈದುನ. ತಾನೇ ಮುಂದೆ ಬಂದು ಕೈಮುಗಿದ. “ಬಾವ, ನಾಗಮಂಗ್ಲದ ತಾವು ಅದ್ಯಾವ್ದೋ ವೀರಗಲ್ಲು ಅದೆ, ಕರ್ಕಂಡೋಯ್ತೀನಿ ಅಂದು ಕೈಕೊಟ್ಬುಟ್ಟೆ. ತೆಪ್ಪಾಯ್ತು. ಈಗ ಬಂದು ಉಣ್ಣು.”

ಕಾಗೆ ಕೊಕ್ಕನ್ನು ಗರಿಗೆ ಉಜ್ಜಿಕೊಂಡಿತು, ಅಷ್ಟೆ.

“ಕೊಟ್ಟಿಗೆ ಇಚಾರ ಇರ್ಬೇಕು,” ಎಂದರು ಯಾರೋ. ಎಲ್ಲರ ಕಣ್ಣೂ ಮಗ ಚಲುವರಾಜುವಿನ ಕಡೆ ತಿರುಗಿತು.

ಚಿಕ್ಕಸ್ವಾಮಿ ಬೇಸಾಯಗಾರನೇ. ಆದರೆ ಅವನ ಜೀವವೆಲ್ಲ ಹಳೆಯ ಕಾಲದ ಮೇಲೆ. ಯಾರ ಹಿತ್ತಿಲಲ್ಲಿ ಮುರಿದ ವೀರಗಲ್ಲು ಬಿದ್ದಿರಲಿ, ಯಾರ ಅಟ್ಟದಲ್ಲಿ ತುಕ್ಕು ಹಿಡಿದ ಕತ್ತಿ ಸಿಗಲಿ, ಗಾಡಿಗೆ ಹೇರಿಕೊಂಡು ಬಂದು ಕೊಟ್ಟಿಗೆಗೆ ತುಂಬುತ್ತಿದ್ದ. ಊರಿನ ಸೊತ್ತು ಊರಲ್ಲೇ ಇರುತ್ತದೆ ಎನ್ನುತ್ತಿದ್ದ. ಜನ ಪುಕ್ಕಟೆಯಾಗಿ ಕೊಡುತ್ತಿದ್ದರು. ಕಲ್ಲುಗಳಿಗೆ ನೆರಳು, ಹಸುಗಳಿಗೆ ಮಳೆ. ಹಾಗೆ ನೆನೆದೇ ಒಂದು ಒಳ್ಳೆಯ ಸೀಮೆಹಸು ಸತ್ತಿತ್ತು. ಡೈರಿಗೆ ಹಾಲು ಹಾಕಿ ಸಂಸಾರ ತೂಗಿಸುವ ಚಲುವರಾಜುವಿಗೆ ಆ ಸಿಟ್ಟು ಇನ್ನೂ ಆರಿರಲಿಲ್ಲ. ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ರೆಸಾರ್ಟು ಕಟ್ಟುತ್ತಿರುವವರಿಗೆ ಎಲ್ಲವನ್ನೂ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದ. ಮಾರನೆಯ ಬೆಳಿಗ್ಗೆಯೇ ಲಾರಿ ಬರುವುದಿತ್ತು. ಅವ್ವನಿಗೂ ಹೇಳಿರಲಿಲ್ಲ.

“ಯೇಳ್ಲಾ ಚಲುವ, ಎಲ್ಲಾನೂವೆ ಅಂಗೇ ಮಡಿಕತೀನಿ ಅಂತ. ಅಷ್ಟಂದ್ರೆ ಬತ್ತಾನೆ,” ಎಂದ ಕುಳ್ಳಯ್ಯ.

“ಕಾಗೆಗೆ ಒಟ್ಟೆ ಅಸ್ದಿಲ್ಲ, ಅಷ್ಟೇಯ. ಬುಡು ಮಾವ.”

“ನಮ್ಗೆ ಅಸ್ದದೆ ಕಣ್ಲಾ!”

ಒಂದಿಬ್ಬರು ನಕ್ಕರು. ಚಲುವರಾಜು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಫೋನು ತೆಗೆದು ನೋಡಿದ, ಮತ್ತೆ ಜೇಬಿಗಿಟ್ಟ. ಬದುವಿನ ಮೇಲೆ ಕೂತಿದ್ದ ಅವ್ವ ಪುಟ್ಟಗೌರಮ್ಮ ಬೆಳಗಿನಿಂದ ಒಂದು ತೊಟ್ಟು ನೀರನ್ನೂ ಕುಡಿದಿರಲಿಲ್ಲ. ಅವಳು ಮಗನನ್ನೇ ನೋಡುತ್ತಿದ್ದಳು. ಬೈದಿದ್ದರೂ ಅವನು ತಡೆದುಕೊಳ್ಳುತ್ತಿದ್ದನೇನೋ.

ದಡದಡನೆ ಗುಡ್ಡೆಯ ಮುಂದೆ ಹೋಗಿ ಕೈಮುಗಿದ. “ಅಪ್ಪ, ನಿನ್ ಕಲ್ಲು, ಕತ್ತಿ ಒಂದ್ನೂವೆ ಯಾರ್ಗೂ ಕೊಡಕಿಲ್ಲ. ನಾನಿರೋಗಂಟ ಎಲ್ಲಾ ಇಲ್ಲೇ ಇರ್ತದೆ. ಬಂದು ಉಣ್ಣಪ್ಪ,” ಎಂದು ಒಂದೇ ಉಸಿರಿಗೆ ಹೇಳಿ ಹಿಂದೆ ಸರಿದ.

ಅವನು ತಿರುಗುವುದರೊಳಗೆ ಕಾಗೆ ಇಳಿಯಿತು. ಮುದ್ದೆಯನ್ನು ಕುಕ್ಕಿತು, ವಡೆಯನ್ನು ಕಾಲಲ್ಲಿ ಒತ್ತಿಹಿಡಿದು ಹರಿಯಿತು. “ಒಪ್ಕಂಡ ಕಣ್ರಪ್ಪೋ!” ಎಂದು ಕುಳ್ಳಯ್ಯ ಕೂಗಿದ್ದೇ ತಡ, ನೆಂಟರೆಲ್ಲ ಮನೆಯ ಕಡೆ ದಾಪುಗಾಲು ಹಾಕಿದರು. ಚಲುವರಾಜು ಮಾತ್ರ ನಿಂತಲ್ಲೇ ನಿಂತಿದ್ದ. ಅವನಿಗೀಗ ಆ ಕಾಗೆಯನ್ನು ಕಂಡರೆ ಮೈ ಉರಿಯುತ್ತಿತ್ತು. ಓಡಿಸೋಣವೆಂದರೆ ಕೈ ಏಳಲಿಲ್ಲ.

ಪುಟ್ಟಗೌರಮ್ಮ ಮೊಣಕಾಲಿಗೆ ಕೈಯೂರಿ ಎದ್ದು ಬಂದು ಮಗನ ಪಕ್ಕದಲ್ಲಿ ನಿಂತಳು. ಎಲೆ ಖಾಲಿಯಾಗುವವರೆಗೂ ಕಾಗೆಯನ್ನೇ ನೋಡಿದಳು.

“ನಿಮ್ಮಪ್ಪ ಬದುಕಿದ್ದಾಗ್ಲೂ ಇಂಗೇಯ ಕಣ್ಲಾ,” ಎಂದಳು ಆಮೇಲೆ. “ಯಾರು ಏನ್ ಯೇಳುದ್ರೂವೆ ನಂಬ್ಬುಡೋರು.”