ಬೂದು ಬಟ್ಟೆಯವರು

"ಎಲ್ಲಿದೀಯೋ ನೀನು? ಈ ಸಲ ಮುಖ ಕಾಣ್ಸುತ್ತೆ ಅಂದಿದ್ದೆ!" ಎನ್ನುತ್ತ ಅಪ್ಪ ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡರು.

"ತಾಳಪ್ಪಾ, ಜಾಹೀರಾತು ಮುಗೀಲಿ," ಎಂದ ಮಗ. ಭಾನುವಾರದ ಸಂಜೆ. ಆ ಪುಟ್ಟ ಕೋಣೆಯಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಎದುರುಮನೆಯ ದರ್ಜಿ, ಅವನ ಹೆಂಡತಿ, ಮಹಡಿ ಮೇಲಿನ ಕಂಪೌಂಡರ್, ಅವನ ಹಿಂದೆ ಹೆಸರು ಗೊತ್ತಿಲ್ಲದ ಇನ್ನಷ್ಟು ಮಂದಿ. ಗಡಿ ಯುದ್ಧದ ಆ ಧಾರಾವಾಹಿ ಶುರುವಾಯಿತೆಂದರೆ ಬೀದಿಯಲ್ಲಿ ನಾಯಿಯೂ ಬೊಗಳುತ್ತಿರಲಿಲ್ಲ.

ಅಪ್ಪ ನಿಜವಾದ ಯುದ್ಧಕ್ಕೆ ಹೋಗಿ ಬಂದವರು. ಮೊದಲೆಲ್ಲ ಅದರ ಬಗ್ಗೆ ಯಾರಾದರೂ ಕೇಳಿದರೆ "ಚಳಿ ಇತ್ತು" ಎನ್ನುವುದಕ್ಕಿಂತ ಹೆಚ್ಚು ಅವರ ಬಾಯಿಂದ ಹೊರಡುತ್ತಿರಲಿಲ್ಲ. ಧಾರಾವಾಹಿ ಬಂದ ಮೇಲೆ ಅವರ ಯುದ್ಧಕ್ಕೂ ಬಾಯಿ ಬಂತು. ಭಾನುವಾರ ನಾಯಕ ಒಂದು ಸೇತುವೆ ಹಾರಿಸಿದರೆ, ಬುಧವಾರದ ಹೊತ್ತಿಗೆ ದರ್ಜಿಯ ಅಂಗಡಿಯಲ್ಲಿ ಕೂತು ಅಪ್ಪನೂ ಒಂದು ಹಾರಿಸಿರುತ್ತಿದ್ದರು. ಪರದೆಯ ಮೇಲೆ ಶತ್ರು ಬಿದ್ದಾಗಲೆಲ್ಲ ಮೊದಲ ಚಪ್ಪಾಳೆ ಅವರದು. ಉಳಿದವರದು ಅದರ ಬೆನ್ನಿಗೆ.

ಆ ಚಪ್ಪಾಳೆ ಬಹುಪಾಲು ತನ್ನ ಸಾವಿಗೇ ಬೀಳುತ್ತಿದೆ ಎಂಬುದನ್ನು ಮಗ ಹೇಳಿರಲಿಲ್ಲ. ಧಾರಾವಾಹಿಯಲ್ಲಿ ಅವನದು ಸಾಯುವ ಕೆಲಸ. ಸ್ಟುಡಿಯೋದಲ್ಲಿ ಅವನಿಗೆ 'ಹೆಣ' ಎಂದೇ ಹೆಸರು. "ಹೆಣ ಎಲ್ಲೋಯ್ತು? ಊಟಕ್ಕೆ ಕರೀರಿ," ಎನ್ನುತ್ತಿದ್ದರು. ಅಷ್ಟು ಚೆನ್ನಾಗಿ ಬೀಳುವವರು ಇನ್ನೊಬ್ಬರಿರಲಿಲ್ಲ: ಮೊದಲು ಮೊಣಕಾಲು, ಆಮೇಲೆ ಭುಜ, ಕೊನೆಗೆ ಕ್ಯಾಮೆರಾಕ್ಕೆ ಬೆನ್ನು. ಮುಖ ಕಂಡುಬಿಟ್ಟರೆ ಮುಂದಿನ ವಾರ ಮತ್ತೆ ಸಾಯಲು ಆಗುವುದಿಲ್ಲವಲ್ಲ. ಮನೆಯಲ್ಲಿ ಮಾತ್ರ, "ನಾನು ನಮ್ಮ ಕಡೇನೇ ಅಪ್ಪಾ, ಹಿಂದಿನ ಸಾಲು, ಹೆಲ್ಮೆಟ್ ಅಡ್ಡ ಬರುತ್ತೆ," ಎಂದು ತೇಲಿಸಿಬಿಟ್ಟಿದ್ದ.

ಆ ಸುಳ್ಳನ್ನು ಒಂದು ಸಲವಾದರೂ ನಿಜ ಮಾಡಬೇಕೆಂದು, ಉಡುಪಿನ ಮೇಷ್ಟ್ರ ಕೈಕಾಲು ಹಿಡಿದು ಹಸಿರು ಸಮವಸ್ತ್ರ ಗಿಟ್ಟಿಸಿದ್ದ. ಬಂಡೆಯ ಮರೆಯಿಂದ ಎದ್ದು ಒಂದು ಗುಂಡು ಹಾರಿಸಬೇಕು, ಮುಖ ನೇರ ಕ್ಯಾಮೆರಾಕ್ಕೆ. ಬೆಳಿಗ್ಗೆ ಅದು ಮುಗಿಯಿತು. ಮಧ್ಯಾಹ್ನ ಬೂದು ಬಟ್ಟೆಯ ಶತ್ರುಗಳಲ್ಲಿ ಕೆಲವರು ಕೈಕೊಟ್ಟರು. "ಒಂದು ಮೀಸೆ ಅಂಟಿಸ್ಕೊಂಡು ಬಿದ್ದುಬಿಡೋ. ನಿನ್ನ ಯಾರು ನೋಡ್ತಾರೆ?" ಎಂದರು ಮೇಷ್ಟ್ರು. ಅವನು ಬಿದ್ದ. ಜಲ್ಲಿಯ ಮೇಲೆ ಕಾಲು ಜಾರಿ ಕೊಂಚ ಅಡ್ಡಡ್ಡ ಬಿದ್ದೆನೇನೋ ಎನ್ನಿಸಿತ್ತು, ಮನೆಗೆ ಬರುವಷ್ಟರಲ್ಲಿ ಮರೆತೂಬಿಟ್ಟಿದ್ದ.

ಜಾಹೀರಾತು ಮುಗಿಯಿತು. ಪರದೆಯ ತುಂಬ ಬಂಡೆ; ಬಂಡೆಯ ಹಿಂದಿನಿಂದ ಹಸಿರು ಬಟ್ಟೆಯಲ್ಲಿ ಮಗ ಎದ್ದ. "ಅಗೋ ನೋಡಿ ಮಾವ, ಇವರೇ!" ಎಂದು ಸೊಸೆ ಕಿರುಚಿದಳು. ಪರದೆಯ ಮಗ ಹಲ್ಲು ಕಚ್ಚಿ ಗುಂಡು ಹಾರಿಸಿದ. "ಭಲೇ!" ಎಂದರು ಅಪ್ಪ, ಚಪ್ಪಾಳೆಗೆ ಅಂಗೈ ಅಗಲಿಸಿ. ಅತ್ತ ಬೂದು ಬಟ್ಟೆಯವನೊಬ್ಬ ಕುಸಿದ. ಮೊದಲು ಮೊಣಕಾಲು, ಆಮೇಲೆ ಭುಜ. ಆದರೆ ಬೆನ್ನು ಬರಲಿಲ್ಲ, ಮುಖ ಬಂತು. ಅರ್ಧ ಕಿತ್ತುಬಂದ ಮೀಸೆಯ ಕೆಳಗೆ ಅದೇ ಬಾಯಿ, ಅದೇ ಮೊಂಡು ಗಲ್ಲ. ಅಪ್ಪನ ಗಲ್ಲವೂ ಅಂಥದ್ದೇ.

ಮೊದಲು ನಕ್ಕವನು ಕಂಪೌಂಡರ್. "ಏನಯ್ಯಾ ಇದು! ನೀನೇ ಹೊಡೆದು ನೀನೇ ಸತ್ತ್ಯಲ್ಲೋ!"

"ಆ ಕಡೇನೂ ಊಟ, ಈ ಕಡೇನೂ ಊಟ. ಜಾಣ ಕಣಯ್ಯಾ," ಎಂದ ದರ್ಜಿ. ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಮಗನಿಗೆ. ಅಪ್ಪನ ಮುಖ ನೋಡುವ ಧೈರ್ಯವಾಗದೆ ಅವರ ಕೈಗಳನ್ನು ನೋಡಿದ. ಅಂಗೈಗಳು ಒಂದಕ್ಕೊಂದು ತಾಗದೆ, ನಡುವೆ ಏನನ್ನೋ ಹಿಡಿದುಕೊಂಡಂತೆ ನಿಂತಿದ್ದವು.

"ಅಪ್ಪಾ, ಅದು... ಅವತ್ತು ಜನ ಕಮ್ಮಿ ಇದ್ರು..."

"ಎಲ್ಲಿ ತಗುಲ್ತು?"

"ತಗುಲೋದೇನು ಬಂತು, ಬರೀ ಬಣ್ಣದ ನೀರು. ಇಲ್ಲಿ," ಎಂದು ಮಗ ಪಕ್ಕೆ ಮುಟ್ಟಿ ತೋರಿಸಿದ. ಅಪ್ಪ ಅಲ್ಲೇ ನೋಡುತ್ತ ಕೂತರು, ನಗು ತಾನಾಗಿ ಅಡಗುವವರೆಗೆ.

ಪರದೆಯ ಯುದ್ಧ ಯಾರಿಗೂ ಕಾಯಲಿಲ್ಲ. ನಾಯಕ ಬಾವುಟ ಹಿಡಿದು ಗುಡ್ಡ ಹತ್ತುತ್ತಿದ್ದ. ಅವನ ದಾರಿಯಲ್ಲಿ ಇನ್ನೊಬ್ಬ ಬೂದು ಬಟ್ಟೆಯವನು ಉರುಳಿದ. ಕೋಣೆ ಅಭ್ಯಾಸಬಲದಿಂದ ಮೊದಲ ಚಪ್ಪಾಳೆಗಾಗಿ ಕಾಯಿತು. ಅಪ್ಪ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಪರದೆಯತ್ತ ಬಗ್ಗಿದರು.

"ಇವನ್ಯಾರು?"

"ಅವನಾ? ನಮ್ಮ ವ್ಯಾನ್ ಡ್ರೈವರ್ ಭಾವಮೈದ. ಯಾಕಪ್ಪಾ?"

"ಅವನ ಪಕ್ಕ ಬಿದ್ದಿದಾನಲ್ಲ, ಮಗ್ಗುಲಾಗಿ?"

"ಅವನೂ ನಮ್ಮ ಜೊತೆಯವನೇ. ಬೆಳಿಗ್ಗೆ ಹೊತ್ತು ಪೇಪರ್ ಹಾಕ್ತಾನೆ."

ಬಾವುಟ ಗುಡ್ಡದ ತುದಿ ಮುಟ್ಟಿತು, ಕಹಳೆ ಮೊಳಗಿತು. ಅಪ್ಪನ ಕಣ್ಣು ಇನ್ನೂ ಪರದೆಯ ಕೆಳಗಿನ ಮೂಲೆಯಲ್ಲೇ ಇತ್ತು.

"ಮನೇಲಿ ಯಾರ್ಯಾರಿದಾರೆ ಅವನಿಗೆ?"